ಕಾಣೆಯಾದವರ ಹುಡುಕಾಟಕ್ಕೆ ಸಣ್ಣ ಡ್ರೋನ್: ಬಳಸುವ ಬಗೆ

ಮಲೆನಾಡಿನ ಊರುಗಳಲ್ಲಿ ಯಾರಾದರೂ ಹೊತ್ತು ಮುಳುಗಿದರೂ ಮನೆಗೆ ಬಾರದಿದ್ದರೆ ಟಾರ್ಚು, ಕತ್ತಿ ಹಿಡಿದು ಹುಡುಕಲು ಹೊರಡುವವರ ನಡುವೆ ಈಗ ‘ಯಾರ ಹತ್ತಿರವಾದರೂ ಡ್ರೋನ್ ಇದೆಯಾ’ ಎಂಬ ಮಾತೂ ಕೇಳಿಬರುತ್ತದೆ. ಮದುವೆಯ ವಿಡಿಯೊ ತೆಗೆಯುವವರಲ್ಲೋ, ಫೋಟೊ ಹವ್ಯಾಸಿಗಳಲ್ಲೋ ಒಂದು ಸಣ್ಣ ಡ್ರೋನ್ ಸಿಗುವುದೂ ಉಂಟು. ಆದರೆ ಅದನ್ನು ತಂದು ನಾಲ್ಕು ಸುತ್ತು ಹಾರಿಸಿ, ‘ಆ ಕಡೆ ಯಾರೂ ಇಲ್ಲ’ ಎಂದು ಇಳಿಸಿಬಿಟ್ಟರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಆ ಒಂದು ಮಾತನ್ನು ನಂಬಿ ನೆಲದ ಮೇಲೆ ಹುಡುಕುವವರು ಅಷ್ಟೂ ಜಾಗವನ್ನು ಬಿಟ್ಟು ಮುಂದೆ ಹೋಗುತ್ತಾರೆ. ಹುಡುಕಬೇಕಾದ ವ್ಯಕ್ತಿ ಅಲ್ಲೇ ಒಂದು ಮಟ್ಟಿಯ ಮರೆಯಲ್ಲಿ ಬಿದ್ದಿರಬಹುದು. ಆದ್ದರಿಂದ ಡ್ರೋನ್ ಹಾರಿಸುವವರು ಮೊದಲು ಕಲಿಯಬೇಕಾದದ್ದು ಯಾವ ಜಾಗವನ್ನು, ಎಷ್ಟು ಎತ್ತರದಿಂದ, ಎಷ್ಟು ಚೆನ್ನಾಗಿ ನೋಡಿದ್ದೇವೆ ಎಂಬುದರ ಲೆಕ್ಕ ಇಡುವುದನ್ನು.

ಸಣ್ಣ ಡ್ರೋನ್‌ನ ನಿಜವಾದ ಶಕ್ತಿ ಎಲ್ಲಿದೆ ಎಂಬುದಕ್ಕೆ 2018ರ ಜುಲೈನಲ್ಲಿ ಕಾರಕೋರಂ ಶ್ರೇಣಿಯ ಬ್ರಾಡ್ ಪೀಕ್‌ನಲ್ಲಿ ನಡೆದದ್ದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. 8,051 ಮೀಟರ್ ಎತ್ತರದ ಆ ಶಿಖರದಲ್ಲಿ ಒಬ್ಬರೇ ಮೇಲೇರಿದ್ದ ಸ್ಕಾಟ್ಲೆಂಡಿನ ಆರೋಹಿ ರಿಕ್ ಅಲೆನ್ ಕಾಣೆಯಾಗಿ, ಅವರು ಬದುಕಿರುವ ಆಸೆಯನ್ನೇ ಜೊತೆಗಾರರು ಬಿಟ್ಟಿದ್ದರು. ಆಗ ಬುಡದ ಶಿಬಿರದ ಅಡುಗೆಯವರಿಗೆ ದೂರದರ್ಶಕದಲ್ಲಿ ಇಳಿಜಾರಿನ ಮೇಲೆ ಏನೋ ಕಂಡಿತು. ಪಕ್ಕದ ಕೆ2 ಶಿಖರದಲ್ಲಿ ತಮ್ಮ ಸಹೋದರನ ಸಾಹಸವನ್ನು ಚಿತ್ರೀಕರಿಸಲು ಬಂದಿದ್ದ ಪೋಲೆಂಡಿನ ಬಾರ್ಟೆಕ್ ಬಾರ್ಗಿಯೆಲ್, ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಮ್ಯಾವಿಕ್ ಪ್ರೊ ಡ್ರೋನ್ ಅನ್ನು ಅಲ್ಲಿಗೆ ಕಳುಹಿಸಿ, ಅಲೆನ್ ಬದುಕಿದ್ದಾರೆಂದು ಖಚಿತಪಡಿಸಿದರು. ರಕ್ಷಕರಿಗೆ ಅವರಿದ್ದ ಜಾಗವನ್ನು ತೋರಿಸಿದ್ದೂ ಅದೇ ಡ್ರೋನ್. ಇಲ್ಲಿ ಮೊದಲು ಕಂಡದ್ದು ಮನುಷ್ಯನ ಕಣ್ಣಿಗೆ. ಮನುಷ್ಯ ಗಂಟೆಗಟ್ಟಲೆ ನಡೆದು ತಲುಪಬೇಕಾದ ಅನುಮಾನದ ಜಾಗವನ್ನು ಡ್ರೋನ್ ನಿಮಿಷಗಳಲ್ಲಿ ನೋಡಿ ಬರುತ್ತದೆ. ನಮ್ಮಲ್ಲಿಯೂ ಅದನ್ನು ಮೊದಲು ಇಂಥ ಕೆಲಸಕ್ಕೇ ಬಳಸಬೇಕು: ದರೆಯ ಬುಡ, ಬಂಡೆಯ ಸಂದು, ಹೊಳೆಯಾಚೆಯ ದಡ, ಕಲ್ಲುಕ್ವಾರಿಯ ಹೊಂಡ, ಕಡಿದಾದ ಇಳಿಜಾರು.

ಅದರಿಂದ ಆಗದ ಕೆಲಸವನ್ನೂ ಮೊದಲೇ ಒಪ್ಪಿಕೊಳ್ಳಬೇಕು. ದಟ್ಟ ಕಾನಿನ ಮೇಲೆ ಹಾರಿದ ಡ್ರೋನ್‌ಗೆ ಕಾಣುವುದು ಎಲೆಯ ಹಾಸು ಮಾತ್ರ. ನೆರಳುಮರಗಳಿರುವ ಕಾಫಿ ತೋಟದಲ್ಲಿಯೂ ಬಹುಪಾಲು ಹೀಗೆಯೇ. ಉಷ್ಣಚಿತ್ರ ತೆಗೆಯುವ ಥರ್ಮಲ್ ಕ್ಯಾಮೆರಾ ಇದ್ದರೂ ಅದು ಎಲೆಗಳನ್ನು ದಾಟಿ ನೋಡಲಾರದು, ಹಗಲಲ್ಲಿ ಕಾದ ಬಂಡೆಗಳ ನಡುವೆ ಮನುಷ್ಯನ ಮೈಬಿಸಿಯನ್ನು ಬೇರ್ಪಡಿಸುವುದೂ ಅದಕ್ಕೆ ಕಷ್ಟ. ಬಂಡೆ ತಣ್ಣಗಾಗಿರುವ ನಸುಕಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮಣ್ಣಿನಡಿ ಇರುವುದನ್ನಂತೂ ಇಂಥ ಕ್ಯಾಮೆರಾ ಕಾಣಲಾರದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ನಂತರ ಮಣ್ಣಿನಡಿ ಮತ್ತು ಗಂಗಾವಳಿ ನದಿಯಲ್ಲಿ ಹುಡುಕಲು ಡ್ರೋನ್ ತಂದದ್ದನ್ನು ಹಲವರು ನೆನಪಿಟ್ಟುಕೊಂಡಿದ್ದಾರೆ. ಅದು ವಿಶೇಷ ಶೋಧಕ ಉಪಕರಣ ಹೊತ್ತ ಡ್ರೋನ್ ಆಗಿತ್ತು. ನಮ್ಮ ಕೈಯಲ್ಲಿರುವುದು ಬೇರೆ. ನಮ್ಮ ಡ್ರೋನ್‌ಗೆ ಒಗ್ಗುವುದು ಹುಲ್ಲುಗಾವಲು, ಬ್ಯಾಣ (ದನ ಮೇಯುವ ಹುಲ್ಲಿನ ಬಯಲು), ಗದ್ದೆ ಬಯಲು, ಹೊಳೆಯ ದಂಡೆ, ಕೆರೆ, ಬಂಡೆಗುಡ್ಡ ಮತ್ತು ಕುಸಿತದ ಮೇಲ್ಮೈ.

ಹೊರಡುವ ಮುನ್ನ ಅನುಮತಿ. ಮೊದಲ ಕರೆ 112ಕ್ಕೆ ಅಥವಾ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಹೋಗಿರಬೇಕು, ಮತ್ತು ಸ್ಥಳದಲ್ಲಿ ಕಾರ್ಯಾಚರಣೆಯ ಹೊಣೆ ಹೊತ್ತ ಪೊಲೀಸ್, ಅಗ್ನಿಶಾಮಕ ಅಥವಾ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಸ್ಪಂದನಾ ಪಡೆ) ಅಧಿಕಾರಿ ಒಪ್ಪದೆ ಡ್ರೋನ್ ಮೇಲೇಳಬಾರದು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ, ಅದಕ್ಕಿಂತ ಹೆಚ್ಚಿನ, 2 ಕಿಲೊವರೆಗಿನದು ಮೈಕ್ರೊ. ನ್ಯಾನೊಗೆ ಮತ್ತು ವಾಣಿಜ್ಯೇತರ ಬಳಕೆಯ ಮೈಕ್ರೊಗೆ ಪೈಲಟ್ ಪ್ರಮಾಣಪತ್ರ ಬೇಡ, ಆದರೆ ಡ್ರೋನ್‌ಗೆ ನೋಂದಣಿ ಸಂಖ್ಯೆ ಇರಬೇಕು. ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿ ಸಾಮಾನ್ಯ ಎತ್ತರದ ಮಿತಿ 400 ಅಡಿ, ಅಂದರೆ 120 ಮೀಟರ್. ಅನುಮತಿ ಬೇಕಾದ ಹಳದಿ ಮತ್ತು ಕೆಂಪು ವಲಯಗಳನ್ನು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕಾಶೆಯಲ್ಲಿ ನೋಡಿಕೊಳ್ಳಬೇಕು. ಕಾರವಾರದ ನೌಕಾನೆಲೆ, ಕೈಗಾ ಅಣುಸ್ಥಾವರಗಳಿರುವ ಸೀಮೆಯಲ್ಲಿ ನಕಾಶೆ ನೋಡದೆ ಹಾರಿಸುವ ಮಾತೇ ಬೇಡ. ಕುದುರೆಮುಖ, ಪುಷ್ಪಗಿರಿಯಂತಹ ರಕ್ಷಿತಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಹೆಲಿಕಾಪ್ಟರ್ ಬರುವ ಸಾಧ್ಯತೆ ಇದೆಯೇ ಎಂದು ಅಧಿಕಾರಿಯನ್ನು ಕೇಳಿಕೊಳ್ಳಿ. ಅದರ ಸದ್ದು ಕಿವಿಗೆ ಬಿದ್ದೊಡನೆ ನಿಮ್ಮದು ನೆಲದ ಮೇಲಿರಬೇಕು.

ಒಬ್ಬರೇ ಮಾಡುವ ಕೆಲಸ ಇದಲ್ಲ. ಕನಿಷ್ಠ ಮೂವರಿರಲಿ. ಒಬ್ಬರು ಹಾರಿಸುತ್ತಾರೆ, ಅವರ ಗಮನ ಯಂತ್ರದ ಮೇಲಷ್ಟೇ. ಇನ್ನೊಬ್ಬರು ಪರದೆಯನ್ನು ಮಾತ್ರ ನೋಡುತ್ತಾರೆ. ಮೂರನೆಯವರು ಆಕಾಶವನ್ನೂ ತಂತಿ, ಹಕ್ಕಿಗಳನ್ನೂ ಗಮನಿಸುತ್ತ, ನೋಟ್‌ಬುಕ್ಕಿನಲ್ಲಿ ಹಾರಾಟದ ಸಮಯ, ಜಾಗ, ಎತ್ತರಗಳನ್ನು ಬರೆದುಕೊಳ್ಳುತ್ತಾರೆ. ಪರದೆ ನೋಡುವವರ ಕಣ್ಣು ಬಲು ಬೇಗ ದಣಿಯುವುದರಿಂದ ಬ್ಯಾಟರಿ ಬದಲಾದಾಗಲೆಲ್ಲ ಅವರನ್ನೂ ಬದಲಿಸುವುದು ಒಳ್ಳೆಯದು. ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ: ಕಾಣೆಯಾದವರ ಮನೆಯವರನ್ನು ಪರದೆಯ ಮುಂದೆ ನಿಲ್ಲಿಸಬಾರದು. ಅವರಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ಹತ್ತಿರದ ಒಬ್ಬರನ್ನು ಜೊತೆಗಿರಿಸಿ, ಹೇಳಬೇಕಾದದ್ದನ್ನು ಅಧಿಕಾರಿಯ ಮೂಲಕವೇ ಹೇಳಿಸಿ. ಪರದೆಯ ಮೇಲೆ ಮೊದಲು ಏನು ಕಾಣುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.

ಹಾರಾಟಕ್ಕೆ ಮುನ್ನ ಮನೆಯವರಿಂದ ತಿಳಿಯಬೇಕಾದದ್ದು ಉಟ್ಟ ಬಟ್ಟೆಯ ಬಣ್ಣ, ಕೊನೆಯದಾಗಿ ಕಂಡ ಜಾಗ ಮತ್ತು ಹೊತ್ತು, ವಯಸ್ಸು, ಕಾಯಿಲೆ, ಓಡಾಡುವ ರೂಢಿಯ ದಾರಿ. ಮರೆವಿನ ಕಾಯಿಲೆಯ ಹಿರಿಯರು ಹೋದ ದಿಕ್ಕಿನಲ್ಲೇ ಹೋಗಿ ಎಲ್ಲೋ ಪೊದೆ, ಬೇಲಿ, ಹಳ್ಳಗಳಲ್ಲಿ ಸಿಕ್ಕಿಕೊಳ್ಳುವುದುಂಟು. ಪುಟ್ಟ ಮಕ್ಕಳು ಹೆದರಿ ಅಡಗಿ, ಕರೆದರೂ ಓಗೊಡದೆ ಅಲ್ಲೇ ನಿದ್ದೆ ಹೋಗುವುದುಂಟು. ಆದ್ದರಿಂದ ಮೊದಲ ಬ್ಯಾಟರಿ ಖರ್ಚಾಗಬೇಕಾದದ್ದು ಕೊನೆಗೆ ಕಂಡ ಜಾಗದ ಸುತ್ತಮುತ್ತ, ದೂರದ ಗುಡ್ಡದ ಮೇಲಲ್ಲ.

ಎತ್ತರದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಹೆಚ್ಚು ನೆಲ ಕಾಣಲೆಂದು ಹೆಚ್ಚು ಮೇಲೇರುವುದು. ಬಹುತೇಕ ಸಣ್ಣ ಡ್ರೋನ್‌ಗಳ ಕ್ಯಾಮೆರಾ ನೆಟ್ಟಗೆ ಕೆಳಗೆ ನೋಡಿದಾಗ ಹಾರಾಟದ ಎತ್ತರದ ಸುಮಾರು ಒಂದೂವರೆ ಪಟ್ಟು ಅಗಲದ ನೆಲವನ್ನು ಹಿಡಿಯುತ್ತದೆ. 40 ಮೀಟರ್ ಎತ್ತರದಲ್ಲಿ 60 ಮೀಟರ್ ಅಗಲ. 4,000 ಪಿಕ್ಸೆಲ್ ಅಗಲದ ಫೋಟೊದಲ್ಲಿ ಒಂದೊಂದು ಪಿಕ್ಸೆಲ್‌ಗೆ ಒಂದೂವರೆ ಸೆಂಟಿಮೀಟರ್ ನೆಲ. ಅಲ್ಲಿ ಮನುಷ್ಯನ ತಲೆಗೆ ಹದಿಮೂರು ಪಿಕ್ಸೆಲ್ ಸಿಗುತ್ತದೆ. 100 ಮೀಟರ್‌ಗೆ ಏರಿದರೆ ಅದು ಐದಕ್ಕೆ ಇಳಿಯುತ್ತದೆ, ಫೋನಿನಲ್ಲಿ ಕಾಣುವ ನೇರ ವಿಡಿಯೊದಲ್ಲಿ ಅದರ ಅರ್ಧ.

ಲೆಕ್ಕವನ್ನು ಕಣ್ಣಾರೆ ನೋಡಲು ನಾವು ಗೆಳೆಯರು ಬ್ಯಾಣವೊಂದರಲ್ಲಿ ಬಿಳಿ ಪಂಚೆ, ನೀಲಿ ಟಾರ್ಪಾಲು, ಖಾಕಿ ಅಂಗಿ, ಕರಿಕಂಬಳಿ ಮತ್ತು ಅಡಿಕೆ ಹಾಳೆಯ ಒಂದು ಹಾಳೆಟೊಪ್ಪಿಯನ್ನು ಅಲ್ಲಲ್ಲಿ ಹರಡಿ ಅಭ್ಯಾಸ ಮಾಡಿದೆವು. 30 ಮೀಟರ್‌ನಲ್ಲಿ ಹಾಳೆಟೊಪ್ಪಿಯೊಂದನ್ನು ಬಿಟ್ಟು ಉಳಿದೆಲ್ಲವೂ ಕಂಡವು. 60ರಲ್ಲಿ ಕಂಬಳಿ ಕಲ್ಲಿನಂತಾಯಿತು, ಖಾಕಿ ಒಣಹುಲ್ಲಿನಲ್ಲಿ ಕರಗಿತು. 100ರಲ್ಲಿ ಪಂಚೆ ಮತ್ತು ಟಾರ್ಪಾಲು ಎರಡೇ. ಆದರೆ 60 ಮೀಟರ್‌ನಿಂದ ತೆಗೆದ ಫೋಟೊಗಳನ್ನು ಸಂಜೆ ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡಿದಾಗ, ಫೋನಿನಲ್ಲಿ ಯಾರಿಗೂ ಕಾಣದಿದ್ದ ಖಾಕಿ ಅಂಗಿಯ ತೋಳು ಸ್ಪಷ್ಟವಾಗಿತ್ತು. ಲಂಟಾನದ ಮಟ್ಟಿಯ ಕೆಳಗೆ ಮಲಗಿದ್ದ ಗೆಳೆಯನಂತೂ ಮೇಲಿನಿಂದ ಒಮ್ಮೆಯೂ ಕಾಣಲಿಲ್ಲ. ಕ್ಯಾಮೆರಾವನ್ನು ಓರೆ ಮಾಡಿ ಬದಿಯಿಂದ ಬಂದಾಗ ಅವನ ಎರಡು ಪಾದಗಳಷ್ಟೇ ಕಂಡವು. ಇದರಿಂದ ಕಲಿತದ್ದು ಇಷ್ಟು: ಹುಡುಕಾಟಕ್ಕೆ 30ರಿಂದ 40 ಮೀಟರ್ ಎತ್ತರ ಸಾಕು; ನೇರ ವಿಡಿಯೊವನ್ನು ನಂಬದೆ ಫೋಟೊ ತೆಗೆಯುತ್ತ ಹೋಗಬೇಕು; ಒಂದೇ ಜಾಗವನ್ನು ನೆಟ್ಟಗೂ ಓರೆಯಾಗಿಯೂ ನೋಡಬೇಕು. ಬೆಳಗಿನ ಮತ್ತು ಸಂಜೆಯ ಬಿಸಿಲಿನಲ್ಲಿ ಮನುಷ್ಯನಿಗಿಂತ ಅವನ ನೆರಳೇ ಮೊದಲು ಕಣ್ಣಿಗೆ ಬೀಳುವುದರಿಂದ ಪರದೆ ನೋಡುವವರು ನೆರಳನ್ನೂ ಹುಡುಕಬೇಕು.

ಹಾರಾಟ ಗದ್ದೆ ಉತ್ತಂತೆ ಸಾಲುಸಾಲಾಗಿ ಇರಬೇಕು, ಮನಸ್ಸು ಬಂದ ಕಡೆ ತಿರುಗಿಸುವಂತಿಲ್ಲ. 40 ಮೀಟರ್ ಎತ್ತರದಲ್ಲಿ ಸಾಲಿನಿಂದ ಸಾಲಿಗೆ 40 ಮೀಟರ್ ಅಂತರವಿಟ್ಟರೆ ಅರ್ಧದಷ್ಟು ನೆಲ ಎರಡೆರಡು ಸಲ ಚಿತ್ರದಲ್ಲಿ ಬರುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ, ಐದು ಸೆಕೆಂಡಿಗೊಂದು ಫೋಟೊದಂತೆ ಸಾಗಿದರೆ ನಿಮಿಷಕ್ಕೆ ಎರಡು ಎಕರೆಗೂ ತುಸು ಹೆಚ್ಚು ಜಾಗ ಮುಗಿಯುತ್ತದೆ; ಹೋಗಿ ಬರುವ ಸಮಯ ಕಳೆದು ಹದಿನೈದು ನಿಮಿಷ ಸಿಕ್ಕರೆ ಒಂದು ಬ್ಯಾಟರಿಗೆ ಸುಮಾರು 35 ಎಕರೆ. ಪೆಟ್ಟಿಗೆಯ ಮೇಲೆ ಬರೆದಿರುವ ನಿಮಿಷಗಳನ್ನು ನಂಬದೆ 30 ಶೇಕಡಾ ಉಳಿದಾಗ ಹಿಂದಿರುಗಿಸಿ. ಗಾಳಿ ಇದ್ದರೆ ಮೊದಲು ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿ ಬೆನ್ನಿಗಿರಲಿ. ಹಾರಾಟದ ನಡುನಡುವೆ ಡ್ರೋನ್ ಇಳಿಸಿ, ವಾಹನಗಳ ಇಂಜಿನ್ ನಿಲ್ಲಿಸಿ, ಎಲ್ಲರೂ ಮಾತು ನಿಲ್ಲಿಸಿ, ಹೆಸರು ಹಿಡಿದು ಕೂಗಿ ಎರಡು ನಿಮಿಷ ಕಿವಿಗೊಡಬೇಕು. ಡ್ರೋನ್‌ನ ಗುಂಯ್ ಸದ್ದಿನಲ್ಲಿ ಸೋತವರ ನರಳಾಟ ಯಾರಿಗೂ ಕೇಳಿಸದು.

ಗುಡ್ಡಗಾಡಿನಲ್ಲಿ ಯಂತ್ರ ಕಳೆದುಕೊಳ್ಳುವ ದಾರಿಗಳು ಹಲವು. ಪರದೆಯ ಮೇಲೆ ಕಾಣುವ ಎತ್ತರ ನೀವು ಹಾರಿಸಿದ ಜಾಗದಿಂದ ಅಳೆದದ್ದು. ಎದುರಿನ ಗುಡ್ಡ ಏರುತ್ತ ಹೋದಂತೆ ಪರದೆ 60 ಎಂದು ತೋರಿಸುತ್ತಿದ್ದರೂ ಮರದ ತುದಿ ಐದು ಮೀಟರ್ ಕೆಳಗಿರಬಹುದು. ಸಂಪರ್ಕ ಕಡಿದಾಗ ಡ್ರೋನ್ ತಾನಾಗಿ ಮರಳುವ ಎತ್ತರವನ್ನು ನಡುವಿನ ಅತಿ ಎತ್ತರದ ಮರಕ್ಕಿಂತ, ದಿಬ್ಬಕ್ಕಿಂತ ಮೇಲೆ ಹೊಂದಿಸದೆ ಹಾರಿಸಬಾರದು. ಗುಡ್ಡದ ಮರೆಗೆ ಹೋದರೆ ಸಂಪರ್ಕ ಕಡಿಯುತ್ತದೆ, ಆದ್ದರಿಂದ ತೆರೆದ ಎತ್ತರದ ಜಾಗದಿಂದ ಹಾರಿಸಿ, ಕಣ್ಣಳತೆಯಲ್ಲೇ ಇರಿಸಿಕೊಳ್ಳಿ. ಜೀಪಿನ ಬಾನೆಟ್ಟಿನ ಮೇಲಿಂದ ಹಾರಿಸಬೇಡಿ, ಕಬ್ಬಿಣ ದಿಕ್ಸೂಚಿಯನ್ನು ಕೆಡಿಸುತ್ತದೆ. ಈ ಡ್ರೋನ್‌ಗಳಲ್ಲಿ ಹೆಚ್ಚಿನವು ಮಳೆಗೆ ತಡೆಯುವಂಥವಲ್ಲ. ಮಂಜು ಕವಿದಾಗ ಹಾರಿಸಿದರೆ ಯಂತ್ರವೂ ಹೋಗುತ್ತದೆ, ಏನೂ ಕಾಣುವುದೂ ಇಲ್ಲ. ಬಂಡೆಯಲ್ಲಿ, ದೊಡ್ಡ ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ದೂರವಿರಿ, ಕೆರಳಿದ ಹುಳ ಕೆಳಗಿರುವ ಹುಡುಕುವವರ ಮೇಲೆರಗುತ್ತದೆ. ಆನೆಗಳು ಈ ಸದ್ದಿಗೆ ಬೆದರಿ ಓಡುತ್ತವೆ. ಓಡುವ ದಿಕ್ಕಿನಲ್ಲಿ ಜನರಿದ್ದರೆ ಏನಾದೀತೆಂದು ಯೋಚಿಸಿ, ಅರಣ್ಯ ಸಿಬ್ಬಂದಿಯನ್ನು ಕೇಳಿಯೇ ಮುಂದುವರಿಯಿರಿ.

ಹೊಳೆಯಲ್ಲಿ ಕೊಚ್ಚಿಹೋದವರನ್ನು ಹುಡುಕುವಾಗ ಎರಡೂ ದಡಗಳನ್ನು ಬೇರೆಬೇರೆಯಾಗಿ, 15ರಿಂದ 20 ಮೀಟರ್ ಎತ್ತರದಲ್ಲಿ ನಿಧಾನ ನೋಡಿ. ತಿರುವಿನ ಒಳಬದಿಯ ಮರಳು, ಕಿಂಡಿ ಅಣೆಕಟ್ಟು, ಸಂಕದ (ಕಿರುಸೇತುವೆಯ) ಕಂಬ, ಬಿದ್ದ ಮರಗಳಿಗೆ ಸಿಕ್ಕಿದ ಕಸ, ಕುದ್ರು (ಹೊಳೆ ನಡುವಿನ ದ್ವೀಪ), ಇವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲಬೇಕು. ಮಳೆಗಾಲದ ಕೆಂಪು ನೀರಿನ ಒಳಗೇನೂ ಕಾಣುವುದಿಲ್ಲ. ಬೇಸಿಗೆಯ ತಿಳಿನೀರಿನಲ್ಲಿ ಪೋಲರೈಸಿಂಗ್ ಫಿಲ್ಟರ್ ಹಾಕಿದರೆ ಹೊಳಪು ತಗ್ಗುತ್ತದೆ.

ವ್ಯಕ್ತಿ ಕಂಡರೆ ಕೂಡಲೇ ಹತ್ತಿರ ಇಳಿಸಬೇಡಿ, ರೆಕ್ಕೆಗಳು ಗಾಯ ಮಾಡುತ್ತವೆ. ಡ್ರೋನ್ ಅನ್ನು ಅವರ ನೆತ್ತಿಯ ನೇರಕ್ಕೆ ತಂದು, ಕ್ಯಾಮೆರಾವನ್ನು ಪೂರ್ತಿ ಕೆಳಮುಖ ಮಾಡಿ ಫೋಟೊ ತೆಗೆದು, ಆಗ ಅಕ್ಷಾಂಶ ರೇಖಾಂಶ ಬರೆದುಕೊಳ್ಳಿ. ಕ್ಯಾಮೆರಾ ಓರೆಯಾಗಿದ್ದಾಗ ಸಿಗುವುದು ಡ್ರೋನ್ ಇರುವ ಜಾಗದ ಅಂಕಿ; ವ್ಯಕ್ತಿ ಅಲ್ಲಿಂದ ನೂರು ಮೀಟರ್ ಆಚೆ, ಹಳ್ಳದ ಇನ್ನೊಂದು ಬದಿಯಲ್ಲಿ ಇರಬಹುದು. ದಶಮಾಂಶದ ನಂತರ ಐದು ಅಂಕಿಗಳಿದ್ದರೆ ಸುಮಾರು ಒಂದು ಮೀಟರ್‌ವರೆಗಿನ ವಿವರ ಬರುತ್ತದೆ. ವಾಕಿಟಾಕಿಯಲ್ಲಿ ಒಂದೊಂದೇ ಅಂಕಿ ಓದಿ, ತಿರುಗಿ ಹೇಳಿಸಿಕೊಳ್ಳಿ, 13.50 ಡಿಗ್ರಿ ಎಂದರೆ 13 ಡಿಗ್ರಿ 30 ನಿಮಿಷವೇ ಹೊರತು 50 ನಿಮಿಷ ಅಲ್ಲ ಎಂಬ ಗೊಂದಲವನ್ನು ಅಲ್ಲೇ ಬಗೆಹರಿಸಿ. ಬ್ಯಾಟರಿ ಇರುವಷ್ಟು ಹೊತ್ತು ಡ್ರೋನ್ ಅಲ್ಲೇ ನಿಂತಿರಲಿ, ನಡೆದು ಬರುವವರಿಗೆ ಅದೇ ಗುರುತು.

ಕಾಣದಿದ್ದರೆ ವರದಿ ಇನ್ನೂ ಎಚ್ಚರಿಕೆಯದಾಗಿರಬೇಕು. ‘ಇಲ್ಲ’ ಎಂದು ಬರೆಯಬೇಡಿ. ‘ಬೆಳಿಗ್ಗೆ 7.10ರಿಂದ 7.25, ಹಳ್ಳದ ಪೂರ್ವದ ಬ್ಯಾಣ, 40 ಮೀಟರ್ ಎತ್ತರ, ಬಯಲು ಪೂರ್ತಿ ನೋಡಿದೆ, ದಕ್ಷಿಣ ಅಂಚಿನ ಲಂಟಾನ ಮಟ್ಟಿಗಳ ಒಳಗೆ ಕಾಣಲಿಲ್ಲ, ಅಲ್ಲಿಗೆ ಜನ ಹೋಗಬೇಕು’ ಎಂದು ಬರೆದು ಅಧಿಕಾರಿಯ ಕೈಗೆ ಕೊಡಿ. ಮೆಮೊರಿ ಕಾರ್ಡಿನ ಪ್ರತಿಯನ್ನೂ ಅವರಿಗೇ ಒಪ್ಪಿಸಿ, ಒಂದು ಚಿತ್ರವನ್ನೂ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ನಂತರ ಹೊಸ ಕಣ್ಣಿನ ಇಬ್ಬರನ್ನು ಕೂರಿಸಿ, ಪ್ರತಿ ಫೋಟೊವನ್ನೂ ದೊಡ್ಡ ಪರದೆಯಲ್ಲಿ ಮೂಲೆಮೂಲೆ ಹಿಗ್ಗಿಸಿ ನೋಡಿಸಿ. ಅವರು ಮುಗಿಸುವ ತನಕ ನಿಮ್ಮ ಆ ದಿನದ ಹಾರಾಟ ಮುಗಿದಿರುವುದಿಲ್ಲ.