ಅಡಿಕೆ ಲೆಕ್ಕದ ಸ್ಕ್ರಿಪ್ಟ್ ಎಲ್ಲ ಶೆಲ್‌ಗಳಲ್ಲೂ ಒಂದೇ ಉತ್ತರ ಕೊಡಬೇಕಾದರೆ

ಶಿವಮೊಗ್ಗದ ಮಂಡಿಗೆ ಕಳಿಸಿದ ಅಡಿಕೆಯ ಲೆಕ್ಕಕ್ಕೆಂದು ಉಬುಂಟುವಿನ ಬ್ಯಾಶ್ ಎಂಬ ಶೆಲ್‌ನಲ್ಲಿ (ಬರೆದ ಆಜ್ಞೆಗಳನ್ನು ಓದಿ ಓಡಿಸುವ ತಂತ್ರಾಂಶವೇ ಶೆಲ್) ಬರೆದ ಸಾಲುಗಳನ್ನು ಮಗಳ ಮ್ಯಾಕ್ ಟರ್ಮಿನಲ್‌ಗೆ ಅಂಟಿಸಿದಾಗ ಉತ್ತರ ಬೇರೆಯೇ ಬಂದಿತು. 2019ರ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಮೊದಲಿಗೆ ತೆರೆಯುವುದು ಝಡ್-ಶೆಲ್ (zsh) ಎಂಬ ಇನ್ನೊಂದು ಶೆಲ್. ವೇರಿಯಬಲ್‌ಗಳನ್ನು, ಅಂದರೆ ಮೌಲ್ಯ ತುಂಬಿಡುವ ಹೆಸರುಗಳನ್ನು, ಅದು ಬಿಡಿಸುವ ಕ್ರಮವೇ ಬೇರೆ.

ಒಂದು ವೇರಿಯಬಲ್‌ನಲ್ಲಿ ‘ರಾಶಿ ಬೆಟ್ಟೆ ಸರಕು ಗೊರಬಲು’ ಎಂದು ಅಡಿಕೆಯ ನಾಲ್ಕು ಬಗೆಗಳ ಹೆಸರು ತುಂಬಿ, ಉದ್ಧರಣ ಚಿಹ್ನೆಯಿಲ್ಲದೆ ಫಾರ್ ಲೂಪ್‌ಗೆ (ಪಟ್ಟಿಯ ಒಂದೊಂದು ಅಂಶಕ್ಕೂ ಅದೇ ಕೆಲಸ ಮತ್ತೆ ಮಾಡುವ ಆಜ್ಞೆಗೆ) ಕೊಟ್ಟು ನೋಡಿ. ಬ್ಯಾಶ್ ಮತ್ತು ಡ್ಯಾಶ್ ಶೆಲ್‌ಗಳು ಖಾಲಿ ಜಾಗವಿದ್ದಲ್ಲೆಲ್ಲ ಮೌಲ್ಯವನ್ನು ಒಡೆಯುವುದರಿಂದ ಲೂಪ್ ನಾಲ್ಕು ಸಲ ಓಡುತ್ತದೆ. ಝಡ್-ಶೆಲ್ ಒಡೆಯುವುದಿಲ್ಲವಾದ್ದರಿಂದ ನಾಲ್ಕೂ ಹೆಸರು ಸೇರಿ ಒಂದೇ ಸಲ ಓಡುತ್ತದೆ. ಹೆಸರಿನ ನಡುವೆ ಜಾಗವಿರುವ ಕಡತಗಳು ಚೂರಾಗದಂತೆ ಉಳಿಯುವುದರಿಂದ ನನಗೆ ಝಡ್-ಶೆಲ್‌ನ ಕ್ರಮವೇ ಹೆಚ್ಚು ಸರಿಯೆನಿಸುತ್ತದೆ. ಆದರೆ ಎಲ್ಲೆಡೆ ಒಂದೇ ಫಲ ಬೇಕಿದ್ದರೆ ಸೆಟ್ ಆಜ್ಞೆಯ ನಂತರ -- ಹಾಕಿ ಹೆಸರುಗಳನ್ನು ಬಿಡಿಬಿಡಿಯಾಗಿ ಬರೆದು, ಲೂಪ್‌ಗೆ ಆ ಹೆಸರುಗಳನ್ನೆಲ್ಲ ಸೂಚಿಸುವ "$@" ಕೊಡಿ. ಅರೇ (ಕ್ರಮಸಂಖ್ಯೆಯಿರುವ ಮೌಲ್ಯಗಳ ಪಟ್ಟಿ) ಬಳಸುವ ಯೋಚನೆ ಇಲ್ಲಿ ಬೇಡ: ಬ್ಯಾಶ್‌ನಲ್ಲಿ ಎಣಿಕೆ 0ಯಿಂದ, ಝಡ್-ಶೆಲ್‌ನಲ್ಲಿ 1ರಿಂದ ಶುರುವಾಗುತ್ತದೆ, ಡ್ಯಾಶ್‌ನಲ್ಲಿ ಅರೇ ಇಲ್ಲವೇ ಇಲ್ಲ. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದ ‘ಎಸ್‌ಎಚ್’ ಎಂದು ಕರೆದಾಗ ಓಡುವುದು ಡ್ಯಾಶ್ ಎಂಬುದನ್ನೂ ನೆನಪಿಡಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಪೈಪ್, ಅಂದರೆ ಒಂದು ಆಜ್ಞೆಯ ಫಲವನ್ನು ಇನ್ನೊಂದಕ್ಕೆ ಹರಿಸುವ | ಚಿಹ್ನೆ. ಕಡತದ ಪಠ್ಯ ಹೊರಹಾಕುವ ಕ್ಯಾಟ್ ಆಜ್ಞೆಯಿಂದ ತೂಕದ ಕಡತವನ್ನು ಪೈಪ್ ಮೂಲಕ, ಸಾಲುಸಾಲಾಗಿ ಓದುವ ವೈಲ್-ರೀಡ್ ಲೂಪ್‌ಗೆ ಹರಿಸಿ ಕಿಲೋಗಳನ್ನು ಕೂಡುತ್ತ ಹೋದರೆ, ಲೂಪ್ ಮುಗಿದ ಬಳಿಕ ಬ್ಯಾಶ್ ಮತ್ತು ಡ್ಯಾಶ್ ಒಟ್ಟು ಮೊತ್ತವನ್ನು 0 ಎಂದೇ ತೋರಿಸುತ್ತವೆ. ಲೂಪ್ ಅಲ್ಲಿ ಪ್ರತ್ಯೇಕ ಉಪಶೆಲ್‌ನಲ್ಲಿ (ಮೂಲ ಶೆಲ್‌ನ ತಾತ್ಕಾಲಿಕ ಪ್ರತಿಯಲ್ಲಿ) ಓಡುವುದರಿಂದ ಕೂಡಿದ ಮೊತ್ತ ಅದರೊಂದಿಗೇ ಅಳಿದುಹೋಗುತ್ತದೆ. ಝಡ್-ಶೆಲ್ ಪೈಪ್‌ನ ಕೊನೆಯ ಭಾಗವನ್ನು ತನ್ನೊಳಗೇ ಓಡಿಸುವುದರಿಂದ ಮೊತ್ತ ಉಳಿಯುತ್ತದೆ. ಬ್ಯಾಶ್ 4.2ರಿಂದ ಸ್ಕ್ರಿಪ್ಟ್‌ಗಳಲ್ಲಿ ‘ಲಾಸ್ಟ್‌ಪೈಪ್’ ಆಯ್ಕೆಯನ್ನು ಸಕ್ರಿಯಗೊಳಿಸಿ ಇದೇ ಫಲ ಪಡೆಯಬಹುದು. ಅದಕ್ಕಿಂತ ಪೈಪನ್ನೇ ಕೈಬಿಟ್ಟು, ಲೂಪ್‌ನ ಕೊನೆಯ ‘ಡನ್’ ಪದದ ನಂತರ < ಚಿಹ್ನೆ ಹಾಕಿ ಕಡತದ ಹೆಸರು ಬರೆಯುವುದು ಮೂರೂ ಶೆಲ್‌ಗಳಿಗೆ ಹೊಂದುತ್ತದೆ.

ತೂಕವನ್ನು 065 ಎಂದು ಬರೆಯುವ ರೂಢಿಯಿದ್ದರೆ ಇನ್ನೂ ಎಚ್ಚರ ಬೇಕು. ಲೆಕ್ಕ ಮಾಡುವಾಗ ಬ್ಯಾಶ್ ಮೊದಲ ಸೊನ್ನೆಯನ್ನು ಕಂಡು ಅದನ್ನು ಅಷ್ಟಮಾನ (0ಯಿಂದ 7ರವರೆಗಿನ ಅಂಕಿಗಳಷ್ಟೇ ಇರುವ) ಸಂಖ್ಯೆಯೆಂದು ತಿಳಿದು 53 ಎಂದು ಹಿಡಿಯುತ್ತದೆ, 068 ಬಂದರೆ ದೋಷ ತೋರಿಸಿ ನಿಲ್ಲುತ್ತದೆ. ಝಡ್-ಶೆಲ್ ಮಾತ್ರ 65 ಎಂದೇ ಓದುತ್ತದೆ. ಸುರುಳಿ ಆವರಣದೊಳಗೆ ವೇರಿಯಬಲ್ ಹೆಸರಿನ ನಂತರ #0 ಎಂದು ಸೇರಿಸಿದರೆ ಆ ಸೊನ್ನೆ ಎಲ್ಲ ಶೆಲ್‌ಗಳಲ್ಲೂ ಉದುರುತ್ತದೆ.