ಗಾಲಿಕುರ್ಚಿ ರೂಪಿಸುವ ಹೊಸ ಉದ್ಯಮಿಗೆ ನೆರವಾಗುವ ಬಗೆ

ವಿಕಲಚೇತನರ ಓಡಾಟಕ್ಕೆ ಹೊಸ ಸಾಧನ ರೂಪಿಸುವವರಿಗೆ ನೆರವಾಗಬೇಕೆನ್ನುವ ಕಂಪನಿಗಳೂ ಕಾಲೇಜುಗಳೂ ಸಾಮಾನ್ಯವಾಗಿ ಒಂದು ಸ್ಪರ್ಧೆ ಏರ್ಪಡಿಸಿ, ಬಹುಮಾನದ ಚೆಕ್ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಉದ್ಯಮಿಗೆ ನಿಜವಾದ ಕಷ್ಟ ಆರಂಭವಾಗುವುದು ಆಮೇಲೆ.

ಮೊದಲು ಬಳಕೆದಾರರೊಂದಿಗೆ ನಡೆಸುವ ಪರೀಕ್ಷೆಯ ಖರ್ಚನ್ನು ವಹಿಸಿಕೊಳ್ಳಿ. ಬೆಂಗಳೂರಿನಲ್ಲಿ 1959ರಿಂದ ಇರುವ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಹಾಗೂ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾದಂಥ ವಿಕಲಚೇತನರ ಸೇವಾಸಂಸ್ಥೆಗಳಿಗೆ ಬಳಕೆದಾರರ ನಿಕಟ ಪರಿಚಯವಿರುವುದರಿಂದ ಉದ್ಯಮಿಯನ್ನು ಅವರ ಬಳಿಗೆ ಕರೆದೊಯ್ಯಿರಿ. ಕುರ್ಚಿಯು ಪ್ರಯೋಗಾಲಯದ ನುಣುಪು ನೆಲ ಬಿಟ್ಟು, ಹೊಸ್ತಿಲು, ಕಿರಿದಾದ ಬಚ್ಚಲ ಬಾಗಿಲು, ಜಲ್ಲಿ ಹರಡಿದ ರಸ್ತೆಗಳಿರುವ ಮನೆಯೊಂದರಲ್ಲಿ ಕೆಲವು ವಾರವಾದರೂ ಓಡಾಡಬೇಕು. ಮುಂದಿನ ಚಿಕ್ಕ ಗಾಲಿ ಜಲ್ಲಿಯಲ್ಲಿ ಹೂತರೆ ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆಸನ ಅಗಲವಾದರೆ ದೇಹ ಒಂದು ಕಡೆಗೆ ವಾಲುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಒತ್ತಡದ ಹುಣ್ಣು ಆಗುತ್ತಿರುವುದೇ ತಿಳಿಯದ ಕಾರಣ, ಫಿಸಿಯೋಥೆರಪಿಸ್ಟ್ ಆಗಾಗ ಚರ್ಮ ಪರೀಕ್ಷಿಸುವ ವ್ಯವಸ್ಥೆಯೂ ಇರಲಿ. ಬಳಕೆದಾರರ ಸಮಯಕ್ಕೆ ದಿನಗೂಲಿಯನ್ನೂ ಪ್ರಯಾಣ ವೆಚ್ಚವನ್ನೂ ಕೊಡಿ. ಉಪಕಾರವೆಂದು ಪುಕ್ಕಟೆ ಸಲಹೆ ಕೇಳುವುದು ಸಲ್ಲದು.

ಅನುದಾನದ ಬಾಗಿಲುಗಳು ಹಲವಿವೆ. ಮಾದರಿ ತಯಾರಿಕೆಗೆ ಕೇಂದ್ರದ ನಿಧಿ-ಪ್ರಯಾಸ್‌ನಲ್ಲಿ 10 ಲಕ್ಷ ರೂಪಾಯಿವರೆಗೆ, ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ನೆರವುಂಟು. ಅರ್ಜಿ ಬರೆಯಲು ಜೊತೆಯಾಗಿ, ಮಂಜೂರಾದ ಕಂತು ಕೈಸೇರುವವರೆಗಿನ ಸಂಬಳಕ್ಕೆ ಕೈಗಡ ಕೊಟ್ಟರೂ ದೊಡ್ಡ ಉಪಕಾರ. ಗಟ್ಟಿತನದ ಪರೀಕ್ಷೆಯ ಶುಲ್ಕವನ್ನು ಮಾತ್ರ ಮರೆಯಬೇಡಿ: ಗಾಲಿಕುರ್ಚಿಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 7176ರಂತೆ ಕುರ್ಚಿಯನ್ನು ಉಬ್ಬುಗಳಿರುವ ಎರಡು ಉರುಳೆಗಳ ಮೇಲೆ 2 ಲಕ್ಷ ಸುತ್ತು ಓಡಿಸಿ, ಆಮೇಲೆ 6,666 ಸಲ ಮೇಲಿನಿಂದ ಕೆಳಕ್ಕೆ ಬೀಳಿಸಲಾಗುತ್ತದೆ.

ತಯಾರಿಕೆಗೆ ಅನುಭವಸ್ಥ ಕಾರ್ಖಾನೆಯೊಂದನ್ನು ಜೊತೆಗೂಡಿಸುವುದು ಮೇಲು. ಐಐಟಿ ಮದ್ರಾಸ್‌ನಲ್ಲಿ ರೂಪುಗೊಂಡ, ಕುಳಿತವರನ್ನು ನಿಲ್ಲಿಸಬಲ್ಲ ಅರೈಸ್ ಗಾಲಿಕುರ್ಚಿ 2019ರಲ್ಲಿ ಮಾರುಕಟ್ಟೆಗೆ ಬಂದದ್ದು ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಜೊತೆಗೂಡಿದ್ದರಿಂದ.

ಬಹುಮಾನಕ್ಕಿಂತ ಖರೀದಿ ಆದೇಶಕ್ಕೆ ಹೆಚ್ಚು ಬೆಲೆಯಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಸರ್ಕಾರದ ಅಡಿಪ್ ಯೋಜನೆಯಲ್ಲಿ ಬಡವರಿಗೆ ಸಾಧನಗಳು ಉಚಿತವಾಗಿ ಸಿಗುವುದರಿಂದ, ಅಳತೆಗೆ ತಕ್ಕಂತೆ ಮಾಡಿದ ದುಬಾರಿ ಕುರ್ಚಿಗೆ ಮೊದಲ ಗಿರಾಕಿ ಹುಟ್ಟುವುದು ಕಷ್ಟ. ಕಂಪನಿ ಕಾಯ್ದೆ 2013ರ 135ನೇ ಕಲಮಿನಂತೆ ಸಿಎಸ್‌ಆರ್‌ಗೆ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಗೆ) ಲಾಭದ ಶೇ. 2ರಷ್ಟು ತೆಗೆದಿಡಬೇಕಾದ ಕಂಪನಿಗಳು ಆ ಮೊದಲ ಗಿರಾಕಿಯಾಗಿ, ಅರ್ಧ ಹಣವನ್ನು ಮುಂಗಡವಾಗಿ ಕೊಡಬಹುದು. ಹಂಚುವ ಸಮಾರಂಭದ ಫೋಟೊಗಿಂತ ಪ್ರತಿಯೊಬ್ಬರ ಅಳತೆ ತೆಗೆದ ದಾಖಲೆಯನ್ನು ಕೇಳಿರಿ.

ಆದೇಶದಲ್ಲೇ ರಿಪೇರಿಯ ಷರತ್ತು ಸೇರಿಸಬೇಕು. ಟ್ಯೂಬ್, ಬೇರಿಂಗ್, ಕಡ್ಡಿಗಳು ಸೈಕಲ್ ಅಂಗಡಿಯಲ್ಲಿ ಸಿಗುವ ಅಳತೆಯವೇ ಆಗಿರಲಿ. ತಾಲ್ಲೂಕಿಗೊಬ್ಬ ಸೈಕಲ್ ಮೆಕ್ಯಾನಿಕ್‌ಗೆ ತರಬೇತಿ ಕೊಟ್ಟು, ಅವರ ಫೋನ್ ನಂಬರನ್ನು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ತಲುಪಿಸಿರಿ.