ಕರಾವಳಿಯ ತೇವದಲ್ಲೊಂದು ರಾಕ್ಷಸ ಸೇನೆ: 10 ಮಿ.ಮೀ. ಬೊಂಬೆಗಳನ್ನು ಜೋಡಿಸಿ ಬಣ್ಣ ಹಚ್ಚುವ ಕ್ರಮ

ಮೇಜಿನ ಮೇಲೆ ಆಡುವ ಯುದ್ಧದಾಟಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 28ರಿಂದ 32 ಮಿ.ಮೀ. ಅಳತೆಯ ಬೊಂಬೆಗಳು. ಆ ಅಳತೆಯಲ್ಲಿ ಇಪ್ಪತ್ತು ಯೋಧರಿಗೆ ಬಣ್ಣ ಹಚ್ಚುವುದೇ ದೊಡ್ಡ ಕೆಲಸ. 10 ಮಿ.ಮೀ.ಗೆ ಇಳಿದರೆ ನೂರಾರು ಕಾಲಾಳುಗಳು, ಕುದುರೆ ಸವಾರರು ಮತ್ತು ಒಂದೆರಡು ದೈತ್ಯರು ಊಟದ ಮೇಜಿನಷ್ಟೇ ಜಾಗದಲ್ಲಿ ನಿಂತು ನಿಜವಾದ ದಂಡಿನಂತೆ ಕಾಣುತ್ತಾರೆ. ಕಲ್ಪನಾಲೋಕದ ಯುದ್ಧಕ್ಕೆ ಈ ಅಳತೆಯೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಕಾರವಾರ, ಕುಮಟಾ, ಹೊನ್ನಾವರದಂಥ ಊರುಗಳಲ್ಲಿ ಕುಳಿತು ಈ ಕೆಲಸ ಮಾಡುವವರು ಅಂಟು, ಬಣ್ಣ, ವಾರ್ನಿಷ್ ಎಲ್ಲದರಲ್ಲೂ ಗಾಳಿಯ ತೇವವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಬೊಂಬೆ ಕೊಳ್ಳುವ ಮೊದಲು ಯಾವ ಆಟದ ನಿಯಮಕ್ಕೆ ಸೇನೆ ಕಟ್ಟುತ್ತೀರಿ ಎಂಬುದನ್ನು ನಿರ್ಧರಿಸಿ, ಏಕೆಂದರೆ ಬೇಸಿನ, ಅಂದರೆ ಬೊಂಬೆಗಳನ್ನು ನಿಲ್ಲಿಸುವ ಅಡಿತಟ್ಟೆಯ, ಅಳತೆ ಅದರಿಂದಲೇ ಗೊತ್ತಾಗುತ್ತದೆ. 2000ದಲ್ಲಿ ಬಂದ ವಾರ್‌ಮಾಸ್ಟರ್ ಆಟದಲ್ಲಿ 40×20 ಮಿ.ಮೀ. ಬೇಸುಗಳಿದ್ದು, ಸಾಮಾನ್ಯವಾಗಿ ಮೂರು ಬೇಸು ಸೇರಿ ಒಂದು ತುಕಡಿಯಾಗುತ್ತದೆ. ಕಾಲಾಳುಗಳ ಬೇಸಿನ ಉದ್ದನೆಯ ಅಂಚು ಮುಂದಕ್ಕಿದ್ದರೆ ಸವಾರರದ್ದು ಗಿಡ್ಡ ಅಂಚು ಮುಂದಕ್ಕಿರುತ್ತದೆ. ನಿಯಮ ಇನ್ನೂ ಗೊತ್ತಾಗಿಲ್ಲದಿದ್ದರೆ ಈ ಅಳತೆಯಿಂದಲೇ ಆರಂಭಿಸಬಹುದು. ನಾಲ್ಕು ತುಕಡಿ ಕಾಲಾಳು, ಒಂದು ತುಕಡಿ ಬಿಲ್ಲುಗಾರರು, ಒಂದು ತುಕಡಿ ಸವಾರರು, ಒಬ್ಬ ಸೇನಾಪತಿ ಮತ್ತು ಒಬ್ಬ ದೈತ್ಯ ಇದ್ದರೆ ಮೊದಲ ಆಟಕ್ಕೆ ಸಾಕು.

ಬೊಂಬೆಗಳು ಲೋಹದಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಮತ್ತು ರೆಸಿನ್ನಿನಲ್ಲಿ ಸಿಗುತ್ತವೆ. ದ್ರವ ರೆಸಿನ್ನನ್ನು ಪದರ ಪದರವಾಗಿ ಗಟ್ಟಿಗೊಳಿಸಿ ಬೊಂಬೆ ಮುದ್ರಿಸುವ ರೆಸಿನ್ ಪ್ರಿಂಟರ್ ಇರುವ ಗೆಳೆಯರಿದ್ದರೆ 32 ಮಿ.ಮೀ. ಬೊಂಬೆಯ ಫೈಲನ್ನು ಶೇ. 31ಕ್ಕೆ ಕುಗ್ಗಿಸಿ ಮುದ್ರಿಸಬಹುದು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ಮೂಲ ಬೊಂಬೆಗೆ ಹಿಡಿಯುವ ರೆಸಿನ್ನಿನ ಶೇ. 3ರಷ್ಟು ಮಾತ್ರ ಸಾಕಾಗುತ್ತದೆ. ಆದರೆ ಮೂಲದಲ್ಲಿ ಒಂದು ಮಿ.ಮೀ. ದಪ್ಪವಿದ್ದ ಈಟಿ ಆಗ 0.3 ಮಿ.ಮೀ. ಆಗಿ, ಕೈ ತಾಗಿದರೆ ಮುರಿಯುತ್ತದೆ. ಹೀಗಾಗಿ ಆಯುಧ ಮತ್ತು ಕೈಕಾಲುಗಳನ್ನು ಬೇಕೆಂದೇ ದಪ್ಪಗೆ ಮಾಡಿ 10 ಮಿ.ಮೀ.ಗೆಂದೇ ರೂಪಿಸಿದ ಬೊಂಬೆಗಳನ್ನು ಆರಿಸಿಕೊಳ್ಳುವುದು ಒಳಿತು. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಬಾರದು, ಕೈಗವಸು ಕಡ್ಡಾಯ. ಗಟ್ಟಿಯಾದ ರೆಸಿನ್ನನ್ನು ಉಜ್ಜುವಾಗ ನೀರು ಹಚ್ಚಿ ಉಜ್ಜಿ, ಮಾಸ್ಕ್ ಧರಿಸಿ.

ಲೋಹಕ್ಕೂ ರೆಸಿನ್ನಿಗೂ ಸೂಪರ್ ಗ್ಲೂ ಬೇಕು. ಪ್ಲಾಸ್ಟಿಕ್ ಸಿಮೆಂಟು ಎಂಬ ಅಂಟು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಬೊಂಬೆಗಳನ್ನು ಮಾತ್ರ ಕರಗಿಸಿ ಬೆಸೆಯುತ್ತದೆ. ಸೂಪರ್ ಗ್ಲೂ ಗಟ್ಟಿಯಾಗುವುದೇ ಗಾಳಿಯಲ್ಲಿರುವ ತೇವಾಂಶದಿಂದ. ಆದ್ದರಿಂದ ನಮ್ಮ ಕಡೆ ಅದು ಬೇಗ ಹಿಡಿಯುತ್ತದೆ, ತೆರೆದಿಟ್ಟ ಟ್ಯೂಬೂ ಬೇಗ ಕೆಡುತ್ತದೆ. ಹೆಚ್ಚು ಹಚ್ಚಿದರೆ ಕೀಲಿನ ಸುತ್ತ ಬಿಳಿ ಬೂಷ್ಟಿನಂಥ ಪೊರೆ ಏಳುತ್ತದೆ. ಗುಂಡುಸೂಜಿಯ ತುದಿಯಿಂದ ಚುಕ್ಕೆಯಷ್ಟೇ ಹಚ್ಚಿ, ಟ್ಯೂಬನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಬಣ್ಣ ಹಚ್ಚುವ ಮೊದಲೇ ಬೊಂಬೆಗಳನ್ನು ಬೇಸಿನ ಮೇಲೆ ಅಂಟಿಸಬೇಡಿ. ಐಸ್‌ಕ್ರೀಂ ಕಡ್ಡಿಯ ಮೇಲೆ ಬೆರಳಗಲ ಅಂತರ ಬಿಟ್ಟು ಸಾಲಾಗಿ ತಾತ್ಕಾಲಿಕವಾಗಿ ನಿಲ್ಲಿಸಿಕೊಂಡರೆ ಹಿಂದಿನ ಸಾಲಿನವರ ಎದೆಗೂ ಕುಂಚ ತಲುಪುತ್ತದೆ. ಮೊದಲ ಲೇಪಕ್ಕೆ ಬೇಸಿಗೆ ಕಾಲದಲ್ಲಾದರೆ ಸ್ಪ್ರೇ ಡಬ್ಬಿ ಆದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಮಂಜು ಮುಸುಕಿದ ಶಿರಸಿಯ ಬೆಳಗಿನಲ್ಲಿ, ಸ್ಪ್ರೇಯನ್ನು ಮುಟ್ಟದಿರುವುದೇ ಕ್ಷೇಮ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೆಳ್ಳಗಾಗುತ್ತದೆ. ಕುಂಚದಿಂದ ಹಚ್ಚುವ ಕಪ್ಪು ಪ್ರೈಮರನ್ನು ತೆಳ್ಳಗೆ ಬಳಿದು, ಇಡೀ ರಾತ್ರಿ ಫ್ಯಾನಿನ ಕೆಳಗೆ ಒಣಗಲು ಬಿಡಿ. ಬಳಿಕ ಬಟ್ಟೆಯ ಮೇಲೆ ಒರೆಸಿ ಬಹುತೇಕ ಒಣಗಿಸಿದ ಕುಂಚದಿಂದ ಬಿಳಿ ಬಣ್ಣವನ್ನು ಮೇಲಿಂದ ಕೆಳಕ್ಕೆ ಸವರಿದರೆ ಉಬ್ಬುಗಳಷ್ಟೇ ಬೆಳಗಿ, ತಗ್ಗುಗಳು ಕಪ್ಪಾಗಿಯೇ ಉಳಿದು, ಅರ್ಧ ಕೆಲಸ ಅಲ್ಲಿಗೇ ಮುಗಿದಿರುತ್ತದೆ.

ಇನ್ನು ಬಣ್ಣದ ವಿಚಾರ. ಇಷ್ಟು ಚಿಕ್ಕ ಬೊಂಬೆಯನ್ನು ಆಟಗಾರ ನೋಡುವುದು ಎರಡು ಮೂರು ಅಡಿ ದೂರದಿಂದ. ದೂರದಿಂದ ವೇಷ ಗುರುತಾಗುವಂತೆ ಬಣ್ಣ ಬಳಸುವುದು ಹೇಗೆಂಬುದನ್ನು ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕಣ್ಣಾರೆ ನೋಡಿ ಕಲಿಯಬಹುದು. ಬಣ್ಣದ ವೇಷದ ಕೆಂಪು, ಕಪ್ಪು, ಬಿಳಿಗಳು ಒಂದರ ಪಕ್ಕದಲ್ಲೊಂದು ನಿಂತು, ನಡುವೆ ಮುಖದ ಮೇಲೆ ಇಡುವ ಚುಟ್ಟಿಯ ಬಿಳಿಚುಕ್ಕೆಗಳು ಎದ್ದು ಕಾಣುವುದರಿಂದಲೇ ರಾಕ್ಷಸನ ಮುಖ ಬಯಲಿನ ಕೊನೆಯಲ್ಲಿ ಕುಳಿತವರಿಗೂ ತಿಳಿಯುತ್ತದೆ. ನಮ್ಮ ರಾಕ್ಷಸ ಸೇನೆಗೂ ಇದೇ ಮೂರು ಬಣ್ಣ, ಜೊತೆಗೆ ಆಭರಣಕ್ಕೆ ಸ್ವಲ್ಪ ಚಿನ್ನದ ಬಣ್ಣ ಸಾಕು.

ಒಬ್ಬ ಕಾಲಾಳನ್ನು ಎತ್ತಿಕೊಳ್ಳಿ. ಉಡುಗೆಗೆ ನಿಮಗೆ ಸರಿಯೆನಿಸುವುದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಉಜ್ವಲವಾದ ಕೆಂಪು ಹಚ್ಚಿ. ಚಿಕ್ಕ ಮೇಲ್ಮೈಯಲ್ಲಿ ಎಲ್ಲ ಬಣ್ಣವೂ ಮಂಕಾಗಿ ಕಾಣುತ್ತದೆ. ಸ್ಟೇಶನರಿ ಅಂಗಡಿಯ ಅಕ್ರಿಲಿಕ್ ಬಣ್ಣ ಗಟ್ಟಿಯಾಗಿರುವುದರಿಂದ ಹಾಲಿನಷ್ಟು ತೆಳುವಾಗುವವರೆಗೆ ನೀರು ಬೆರೆಸಿ ಎರಡು ಸಲ ಬಳಿಯಬೇಕು. ಕಪ್ಪು ಕಂದು ಬಣ್ಣವನ್ನು ಇನ್ನೂ ತೆಳ್ಳಗೆ ಮಾಡಿ ಮೈಯೆಲ್ಲ ಹರಿಯಬಿಟ್ಟರೆ ಅದು ಮಡಿಕೆಗಳಲ್ಲಿ ಇಳಿದು ನಿಲ್ಲುತ್ತದೆ. ಪಾದದ ಬಳಿ ಮಡುಗಟ್ಟಿದ್ದನ್ನು ಒಣ ಕುಂಚದಿಂದ ಹೀರಿ ತೆಗೆಯಿರಿ. ಅದು ಪೂರ್ತಿ ಒಣಗಿದ ಮೇಲೆ ಭುಜಕ್ಕೂ ಮಂಡಿಗೂ ಕಿತ್ತಳೆ ಮಿಶ್ರಿತ ಕೆಂಪಿನ ಒಂದೊಂದು ಗೀಟು, ಈಟಿಯ ಮೊನೆಗೆ ಬೆಳ್ಳಿ, ಎರಡು ಕೆನ್ನೆಗೆ ಎರಡು ಬಿಳಿ ಚುಕ್ಕೆ. ಕಣ್ಣು ಬರೆಯಬೇಡಿ. ಯಕ್ಷಗಾನದ ಉಡುಗೆಯಲ್ಲಿರುವಂಥ ಚೌಕುಳಿಯನ್ನು ಕಾಲಾಳಿನ ಮೇಲೆ ಬರೆಯಹೋದರೆ ಅದು ಕೊಳೆಯಂತೆ ಕಾಣುತ್ತದೆ. ಸೇನಾಪತಿಗೂ ದೈತ್ಯನಿಗೂ ಮಾತ್ರ ಅದನ್ನು ಮೀಸಲಿಟ್ಟರೆ ಅವರ ಗತ್ತೂ ಹೆಚ್ಚುತ್ತದೆ. ಇದಕ್ಕೆಲ್ಲ ಕೂದಲೆಳೆಯಂಥ ಕುಂಚ ಬೇಕಿಲ್ಲ. ಅದರಲ್ಲಿ ಬಣ್ಣ ತುದಿಗೆ ಬರುವಷ್ಟರಲ್ಲೇ ಒಣಗುತ್ತದೆ. ಚೂಪು ತುದಿ ಉಳಿಸಿಕೊಳ್ಳುವ ಒಂದನೇ ನಂಬರಿನ ಕುಂಚವೇ ಉತ್ತಮ.

ಬೇಸು ಮಾಡಲು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಬಳಸಿದರೆ ಮಳೆಗಾಲದಲ್ಲಿ ಅಂಚು ಉಬ್ಬುತ್ತದೆ, ಪ್ಲಾಸ್ಟಿಕ್ ಹಾಳೆಯೇ ಒಳ್ಳೆಯದು. ಬಣ್ಣ ಹಚ್ಚಿ ಮುಗಿದ ಬೊಂಬೆಗಳನ್ನು ಕಡ್ಡಿಯಿಂದ ಬಿಡಿಸಿ ಬೇಸಿನ ಮೇಲೆ ಅಂಟಿಸಿ, ಸುತ್ತ ಫೆವಿಕಾಲ್ ಬಳಿದು ಮರಳು ಉದುರಿಸಿ. ಕಾರವಾರದ ಟ್ಯಾಗೋರ್ ಕಡಲತೀರದ ನಯವಾದ ಮರಳು ಈ ಅಳತೆಗೆ ಹೇಳಿ ಮಾಡಿಸಿದಂತಿದೆ, ಆದರೆ ನಾಲ್ಕೈದು ಸಲ ಸಿಹಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಅದರ ಉಪ್ಪು ತೇವವನ್ನು ಎಳೆದು ಬಣ್ಣವನ್ನು ಎಬ್ಬಿಸುತ್ತದೆ. ಚಿರೆಕಲ್ಲಿನ ಪುಡಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು ಮೇಲೆ ತೆಳ್ಳಗೆ ಚಿಮುಕಿಸಿದರೆ ನಮ್ಮ ನೆಲದ ಕೆಂಪೇ ಬರುತ್ತದೆ. ಸೇನೆಯೂ ಕೆಂಪಾಗಿರುವುದರಿಂದ ಬೇಸಿನ ಅಂಚಿಗೆ ಒಣಹುಲ್ಲಿನ ಹಳದಿ ಬಣ್ಣ ಹಾಕಿ ಎರಡನ್ನೂ ಬೇರ್ಪಡಿಸಿ. ಆಟದ ಮೇಜಿಗೆ ಕೋಟೆ ಬೇಕೆನಿಸಿದವರು ಕುಮಟಾ ಬಳಿಯ ಮಿರ್ಜಾನ್ ಕೋಟೆಯ ಚಿರೆಕಲ್ಲಿನ ಗೋಡೆಗಳನ್ನು ಒಮ್ಮೆ ನೋಡಿ ಬರಲಿ. ಪಾಚಿ ಹಿಡಿದ ಕಲ್ಲಿನ ಮೇಲೆ ಹಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕಪ್ಪಾಗುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕೊನೆಯ ಲೇಪವಾಗಿ ಮೊದಲು ಹೊಳಪಿನ ವಾರ್ನಿಷ್, ಅದು ಆರಿದ ಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹಚ್ಚಿ, ಎರಡನ್ನೂ ಮಳೆಗಾಲದಲ್ಲಿ ಕುಂಚದಿಂದಲೇ ಹಚ್ಚಿ. ಬೇಸಿನ ಅಡಿಗೆ ಮ್ಯಾಗ್ನೆಟ್ ಹಾಳೆ ಅಂಟಿಸಿ, ತಗಡು ಹಾಸಿದ ಡಬ್ಬಿಯಲ್ಲಿ ನಿಲ್ಲಿಸಿದರೆ ಸಾಗಿಸುವಾಗ ಬೊಂಬೆಗಳು ಉರುಳುವುದಿಲ್ಲ. ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯುವುದರಿಂದ ಅದಕ್ಕೆ ಮುಂಚೆಯೇ ಎನಾಮೆಲ್ ಬಣ್ಣ ಬಳಿಯಿರಿ. ಡಬ್ಬಿಯೊಳಗಿನ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮಳೆಗಾಲದುದ್ದಕ್ಕೂ ಆಗಾಗ ಬದಲಿಸುತ್ತಿರಿ.